ಗುಲ್ಮಾರ್ಗಿನ ಸಣ್ಣ ಗುಡ್ಡದಲ್ಲಿ ಒಂದು ಬೆಳಗ್ಗೆ

ಮದ್ರಸದಲ್ಲಿ ಮಕ್ಕಳಿಗೆ ನಮಾಝ್‌ನ ಆರಂಭದ ದುಆ ಕಲಿಸುತ್ತಿದ್ದೆ. ತಕ್ಬೀರ್‌ನ ಬಳಿಕ, ಫಾತಿಹಾ ಓದುವುದಕ್ಕೆ ಮುಂಚೆ ಪ್ರವಾದಿವರ್ಯರು(ಸ) ಹೇಳುತ್ತಿದ್ದ ದುಆಗಳಲ್ಲಿ ಅದೂ ಒಂದು. ನನ್ನ ಪಾಪಗಳನ್ನು ನೀರು, ಹಿಮ ಮತ್ತು ಆಲಿಕಲ್ಲಿನಿಂದ ತೊಳೆದುಬಿಡು ಎಂದು ದಾಸನು ಅದರಲ್ಲಿ ಅಲ್ಲಾಹನೊಡನೆ ಬೇಡಿಕೊಳ್ಳುತ್ತಾನೆ. ಐದನೇ ತರಗತಿಯ ಹುಡುಗಿಯೊಬ್ಬಳು ಎದ್ದು ನಿಂತು, "ಟೀಚರ್, ಹಿಮ ಹೇಗಿರುತ್ತದೆ?" ಎಂದು ಕೇಳಿದಳು.

"ಫ್ರಿಜ್ಜಿನಲ್ಲಿ ಐಸ್ ಇರುತ್ತದಲ್ಲ, ಹಾಗೆ" ಎಂದೆ.

"ನೀವು ನೋಡಿದ್ದೀರಾ?"

ನಾನು ನೋಡಿರಲಿಲ್ಲ. ಹದಿನೆಂಟು ವರ್ಷಗಳಿಂದ ಆ ದುಆವನ್ನು ಮಕ್ಕಳಿಗೆ ಬಾಯಿಪಾಠ ಮಾಡಿಸುತ್ತಿದ್ದರೂ ಹಿಮ ಹೇಗಿರುತ್ತದೆಂದು ನನಗೆ ಗೊತ್ತಿರಲಿಲ್ಲ. ನಮ್ಮ ಕರಾವಳಿಯಲ್ಲಿ ಅದನ್ನು ಎಲ್ಲಿಂದ ತೋರಿಸುವುದು?

2024ರ ಫೆಬ್ರವರಿಯಲ್ಲಿ ನಮ್ಮ ಯಜಮಾನರು ಕಾಶ್ಮೀರಕ್ಕೆ ಹೋಗೋಣವೆಂದಾಗ ನನಗೆ ಮೊದಲು ನೆನಪಾದದ್ದು ಆ ಹುಡುಗಿಯ ಪ್ರಶ್ನೆ. ಹದಿಮೂರು ವರ್ಷದ ಮಗಳಿಗೂ ಶಾಲೆಗೆ ನಾಲ್ಕು ದಿನ ರಜೆ ಹಾಕಿಸಿದೆವು.

ಶ್ರೀನಗರದಿಂದ ಗುಲ್ಮಾರ್ಗಿಗೆ ಸುಮಾರು 50 ಕಿಲೋಮೀಟರ್. ಫಜ್ರ್ ನಮಾಝ್ ಮುಗಿಸಿ ಹೊರಟೆವು. ಟಂಗ್‌ಮಾರ್ಗ್‌ವರೆಗೆ ಮಾಮೂಲಿ ರಸ್ತೆ. ಅಲ್ಲಿಂದ ಮೇಲಕ್ಕೆ ಹದಿಮೂರು ಕಿಲೋಮೀಟರ್ ಏರುದಾರಿ. ಹಿಮದಲ್ಲಿ ಜಾರಬಾರದೆಂದು ಚಾಲಕ ವಾಹನದ ಚಕ್ರಗಳಿಗೆ ಕಬ್ಬಿಣದ ಸರಪಳಿ ಬಿಗಿದ. ಎರಡೂ ಬದಿಯಲ್ಲಿ ದೇವದಾರು ಮರಗಳು. ಕೊಂಬೆಗಳ ಮೇಲೆ ಹಿಮದ ಭಾರ. ಒಂದು ತಿರುವಿನಲ್ಲಿ ವಾಹನ ನಿಧಾನವಾದಾಗ ಕಿಟಕಿಯ ಗಾಜು ಇಳಿಸಿ ಕೈ ಚಾಚಿದೆ. ಅಂಗೈ ಮೇಲೆ ಬಿದ್ದದ್ದು ಫ್ರಿಜ್ಜಿನ ಐಸ್ ಆಗಿರಲಿಲ್ಲ. ಆಗಷ್ಟೇ ತುರಿದ ತೆಂಗಿನಕಾಯಿಯಂತೆ ಹಗುರಾಗಿ, ಬಿಡಿಬಿಡಿಯಾಗಿತ್ತು. ಇಷ್ಟು ವರ್ಷ ಮಕ್ಕಳಿಗೆ ತಪ್ಪು ಹೇಳಿದೆನಲ್ಲಾ ಅನಿಸಿತು.

ಗುಲ್ಮಾರ್ಗ್ ಎಂದರೆ ಹೂವುಗಳ ಹುಲ್ಲುಗಾವಲು. ಹದಿನಾರನೇ ಶತಮಾನದ ಸುಲ್ತಾನ್ ಯೂಸುಫ್ ಶಾ ಚಕ್ ಇಟ್ಟ ಹೆಸರೆನ್ನುತ್ತಾರೆ. ಸಮುದ್ರ ಮಟ್ಟದಿಂದ ಸುಮಾರು 2,650 ಮೀಟರ್, ಅಂದರೆ ನಮ್ಮ ಮುಳ್ಳಯ್ಯನಗಿರಿಯ ತುದಿಗಿಂತ ಏಳುನೂರು ಮೀಟರ್‌ಗೂ ಹೆಚ್ಚು ಎತ್ತರ. ಬ್ರಿಟಿಷ್ ಸೇನಾಧಿಕಾರಿಗಳು 1927ರಲ್ಲಿ ಇಲ್ಲಿ ಸ್ಕೀಯಿಂಗ್ ಕ್ಲಬ್ ಆರಂಭಿಸಿದ್ದರು. ಇಂದು ಗೊಂಡೋಲಾ ಎಂಬ ತೂಗುಪೆಟ್ಟಿಗೆಯಲ್ಲಿ ಕುಳಿತು ಕೊಂಗ್ಡೋರಿಗೂ ಅಲ್ಲಿಂದ ಅಫರ್ವತ್ ಪರ್ವತದ ಮೇಲಕ್ಕೂ ಹೋಗಬಹುದು. ಮೊದಲ ಹಂತ 1998ರಲ್ಲಿ, ಎರಡನೆಯದು 2005ರಲ್ಲಿ ಆರಂಭವಾಯಿತು. ಪಳಗಿದ ಸ್ಕೀಯರ್‌ಗಳು ಅಷ್ಟು ಎತ್ತರದಿಂದ ಜಾರಿ ಬರುತ್ತಾರೆ. ನಮ್ಮ ಪಾಲಿಗೆ ಬಂದದ್ದು ಮಾತ್ರ ಬುಡದಲ್ಲಿರುವ, ಹೊಸಬರು ಕಲಿಯುವ ಸಣ್ಣ ಗುಡ್ಡ. ನಮ್ಮೂರ ಶಾಲೆಯ ಹಿಂದಿನ ಗುಡ್ಡೆಯಷ್ಟೂ ಎತ್ತರವಿಲ್ಲ.

ವಾಹನ ಇಳಿಯುತ್ತಲೇ ಮರದ ಸ್ಲೆಡ್ಜ್ ಎಳೆಯುವವರು ಸುತ್ತುವರಿದರು. ನಾವು ಕೂತರೆ ಅವರು ಹೆಗಲಿಗೆ ಹಗ್ಗ ಹಾಕಿ ಎಳೆಯುತ್ತಾರೆ. ನನ್ನ ತಂದೆಯ ವಯಸ್ಸಿನವರ ಹೆಗಲ ಮೇಲೆ ಕೂರಲು ಮನಸ್ಸು ಬರಲಿಲ್ಲ. ಬೇಡವೆಂದಾಗ ಒಬ್ಬರ ಮುಖ ಬಾಡಿದ್ದನ್ನು ಕಂಡು, ನನ್ನ ಕರುಣೆಯಿಂದ ಅವರ ಮನೆಯ ಒಲೆ ಉರಿಯುವುದಿಲ್ಲವಲ್ಲ ಎಂದೂ ಅನಿಸಿತು. ಕೊನೆಗೆ ನಮ್ಮ ಚೀಲಗಳನ್ನು ಅದರ ಮೇಲಿಟ್ಟು ಅವರೊಂದಿಗೆ ನಡೆದೇ ಹೋದೆವು.

ಸ್ಕೀ ಕಲಿಯುವ ಹಠ ಮಗಳದ್ದು. "ಉಮ್ಮಾ, ನೀವೂ ಬನ್ನಿ" ಎಂದು ಅವಳು ಕೈಹಿಡಿದು ಎಳೆದಾಗ, "ನನ್ನ ಪ್ರಾಯಕ್ಕೆ ಇದೆಲ್ಲಾ ಬೇಕಾ?" ಎಂದೆ. ಯಜಮಾನರು, "ಹೋಗು, ಮಂಡಿನೋವಿನ ಎಣ್ಣೆ ತಂದಿದ್ದೇನೆ" ಎಂದು ನಕ್ಕರು. ಹಿಜಾಬಿನ ಮೇಲೆ ಉಣ್ಣೆಯ ಟೊಪ್ಪಿ, ಸಲ್ವಾರಿನ ಮೇಲೆ ಮಂಡಿ ದಾಟುವ ಉದ್ದ ಕೋಟು ಹಾಕಿಕೊಂಡೆ. ಬೂಟುಗಳು ಬಾಡಿಗೆಯವು. ಕಾಲಿನ ಗಂಟು ಅಲುಗಾಡದಷ್ಟು ಗಟ್ಟಿ. ಒಂದೊಂದು ಕಾಲಿಗೆ ಎರಡೆರಡು ತೆಂಗಿನಕಾಯಿ ಕಟ್ಟಿದ ಹಾಗೆ ಭಾರ. ಅವುಗಳ ಅಡಿಗೆ ಉದ್ದನೆಯ ಹಲಗೆಗಳನ್ನು ಸಿಕ್ಕಿಸಿದ ಮೇಲೆ ನಿಲ್ಲುವುದೇ ದೊಡ್ಡ ಕೆಲಸವಾಯಿತು.

ಕಲಿಸಲು ಬಂದವರು ಅರುವತ್ತರ ಆಸುಪಾಸಿನ, ಬಿಳಿ ಗಡ್ಡದ ಹಿರಿಯರು. ಮಗಳು ಅವರನ್ನು ಚಾಚಾ ಎಂದಳು, ನಾನು ಉಸ್ತಾದ್ ಎಂದೆ. ಪರಪುರುಷರು ಕೈ ಹಿಡಿದು ಕಲಿಸಬೇಕಾಗುತ್ತದೋ ಏನೋ ಎಂಬ ಅಳುಕು ನನಗಿತ್ತು. ನಾನು ಬಾಯಿ ಬಿಡುವ ಮೊದಲೇ ಅವರು ತಮ್ಮ ಊರುಗೋಲಿನ ಒಂದು ತುದಿಯನ್ನು ನನ್ನ ಕಡೆ ಚಾಚಿ, "ಬೆಹನ್‌ಜೀ, ಇದನ್ನು ಹಿಡಿದುಕೊಳ್ಳಿ" ಎಂದು ಉರ್ದುವಿನಲ್ಲಿ ಹೇಳಿದರು. ಇನ್ನೊಂದು ತುದಿ ಅವರ ಕೈಯಲ್ಲಿತ್ತು. ಇಡೀ ಬೆಳಗ್ಗೆ ನಮ್ಮಿಬ್ಬರ ನಡುವೆ ಆ ಕೋಲಿನಷ್ಟು ಅಂತರವಿತ್ತು.

"ಮೊದಲ ಪಾಠ, ಬೀಳುವುದು" ಎಂದರು.

ನನಗೆ ನಗು ಬಂತು. ಬೀಳುವುದನ್ನೂ ಕಲಿಯಬೇಕೇ? ಅವರು ಗಂಭೀರವಾಗಿಯೇ ವಿವರಿಸಿದರು. ಹಿಂದಕ್ಕೆ ಬೀಳಬಾರದು, ಪಕ್ಕಕ್ಕೆ ಒರಗಿ ಬೀಳಬೇಕು. ಕೈಯೂರಿ ತಡೆಯಲು ಹೋದರೆ ಮಣಿಕಟ್ಟು ಮುರಿಯಬಹುದು. ಎದ್ದೇಳುವಾಗ ಹಲಗೆಗಳನ್ನು ಇಳಿಜಾರಿಗೆ ಅಡ್ಡಲಾಗಿ ಇಟ್ಟುಕೊಳ್ಳಬೇಕು, ಇಲ್ಲದಿದ್ದರೆ ಏಳುವಾಗಲೇ ಮತ್ತೆ ಜಾರುತ್ತೇವೆ. ಬಿದ್ದು ಏಳಲು ಬಂದವನಿಗೆ ಹೆದರಿಕೆ ಇರುವುದಿಲ್ಲ, ಹೆದರಿಕೆ ಇಲ್ಲದವನ ಮಂಡಿ ತಾನಾಗಿ ಬಾಗುತ್ತದೆ, ಮಂಡಿ ಬಾಗಿದರೆ ಸ್ಕೀ ಮಾತು ಕೇಳುತ್ತದೆ. ಇದು ಅವರ ಲೆಕ್ಕ. ನಿಲ್ಲಬೇಕಾದಾಗ ಹಲಗೆಗಳ ಮುಂತುದಿಗಳನ್ನು ಹತ್ತಿರ ತಂದು ಹಿಂತುದಿಗಳನ್ನು ಅಗಲಿಸಬೇಕು. ಒಳಅಂಚು ಹಿಮವನ್ನು ಕೊರೆದು ವೇಗ ತಗ್ಗಿಸುತ್ತದೆ.

ಮಗಳು ಹೋದಳು, ಬಿದ್ದಳು, ನಕ್ಕಳು, ಎದ್ದಳು. ನಾಲ್ಕನೇ ಸಲಕ್ಕೆ ಗುಡ್ಡದ ಅರ್ಧ ಇಳಿದಿದ್ದಳು. ನನ್ನ ಬಾಯಿಂದ ಬರುತ್ತಿದ್ದದ್ದು ಒಂದೇ ಮಾತು: "ಮೆಲ್ಲ, ಮೆಲ್ಲ, ಬೀಳುತ್ತೀ!" ಉಸ್ತಾದ್ ತಿರುಗಿ ನೋಡಿ, "ಬೆಹನ್‌ಜೀ, ಬೀಳಬೇಡ ಎಂದು ಕೂಗಬೇಡಿ. ಆಗ ಅವಳ ಮೈ ಬಿಗಿಯಾಗುತ್ತದೆ. ಬಿಗಿಯಾದ ಮೈಗೇ ಪೆಟ್ಟಾಗುವುದು" ಎಂದರು.

ಆ ಮಾತು ನನಗೆ ನಾಟಿತು. ಹಿಂದಿನ ಡಿಸೆಂಬರಿನಲ್ಲಿ ಅವಳ ಶಾಲೆಯ ಕ್ರೀಡಾಕೂಟಕ್ಕೆ ರಿಲೇ ಓಟದ ತಂಡದಲ್ಲಿ ಅವಳ ಹೆಸರಿತ್ತು. ಒಪ್ಪಿಗೆಯ ಕಾಗದ ತಂದು ಮುಂದಿಟ್ಟಾಗ ನಾನು ಸಹಿ ಹಾಕಿರಲಿಲ್ಲ. "ಇನ್ನು ದೊಡ್ಡವಳಾದೆ, ಓಟ ಗೀಟ ಸಾಕು" ಎಂದಿದ್ದೆ. ಅವಳು ಎದುರಾಡದೆ ಕಾಗದ ಮಡಚಿ ಚೀಲದೊಳಗೆ ಹಾಕಿದ್ದಳು. ಕಾರಣ ದೀನ್ ಎಂದು ಆಗ ನನಗೇ ನಾನು ಹೇಳಿಕೊಂಡಿದ್ದೆ. ಗುಡ್ಡದ ಮೇಲೆ ನಿಂತು ಯೋಚಿಸಿದಾಗ ಅದು ದೀನ್ ಆಗಿರಲಿಲ್ಲ, ಬರೀ ಹೆದರಿಕೆಯಾಗಿತ್ತು. ಬಿದ್ದರೆ? ಯಾರಾದರೂ ಏನಾದರೂ ಅಂದರೆ? ನನ್ನ ಉಮ್ಮ ನನಗೆ ಹೇಳಿದ ಮಾತನ್ನೇ ನಾನು ಮಗಳಿಗೆ ದಾಟಿಸಿದ್ದೆ. ಪ್ರವಾದಿವರ್ಯರು(ಸ) ಹಝ್ರತ್ ಆಯಿಶಾ(ರ)ರೊಂದಿಗೆ ಓಟದ ಪಂದ್ಯ ಮಾಡಿದ್ದನ್ನೂ, ಮೊದಲು ಅವರು ಗೆದ್ದು ಮುಂದೊಮ್ಮೆ ಪ್ರವಾದಿವರ್ಯರು(ಸ) ಗೆದ್ದದ್ದನ್ನೂ ಅಬೂದಾವೂದ್‌ನ ಹದೀಸ್‌ನಲ್ಲಿ ಓದಿದವಳು ನಾನು. ಎಷ್ಟೋ ಸಭೆಗಳಲ್ಲಿ ಅದನ್ನು ಹೇಳಿದವಳೂ ನಾನೇ.

"ಉಸ್ತಾದ್, ಕೋಲು ಬಿಡಿ" ಎಂದೆ.

ಬಿಟ್ಟರು. ಬಿಸ್ಮಿ ಹೇಳಿ ಮಂಡಿ ಬಾಗಿಸಿದೆ. ಹಿಮ ಸರ್ರನೆ ಸದ್ದು ಮಾಡಿತು. ಗಾಳಿ ಕೆನ್ನೆಗೆ ಬಡಿಯಿತು. ಹತ್ತು ಹೆಜ್ಜೆಯಷ್ಟು ದೂರ ನಾನು ನಡೆಯದೆ ಮುಂದೆ ಹೋದೆ! ಹನ್ನೊಂದನೆಯದಕ್ಕೆ ಒಂದು ಹಲಗೆ ಇನ್ನೊಂದರ ಮೇಲೆ ಹತ್ತಿತು. ಪಕ್ಕಕ್ಕೆ ಒರಗಿ, ಕಲಿಸಿದ ಹಾಗೆಯೇ ಬಿದ್ದೆ. ನೋವಾಗಲಿಲ್ಲ. ಕೆಳಗಿನಿಂದ ಮಗಳು, "ಉಮ್ಮಾ, ಸರಿಯಾಗಿ ಬಿದ್ದಿರಿ!" ಎಂದು ಚಪ್ಪಾಳೆ ತಟ್ಟಿದಳು. ಆ ಬೆಳಗ್ಗೆ ನಾನು ಒಟ್ಟು ಏಳು ಸಲ ಬಿದ್ದೆ. ಅವಳು ತನ್ನದನ್ನು ಲೆಕ್ಕ ಇಡಲೇ ಇಲ್ಲ.

ಹನ್ನೊಂದು ಗಂಟೆಯ ಸುಮಾರಿಗೆ ತಗಡು ಮಾಡಿನ ಚಹಾದಂಗಡಿಯಲ್ಲಿ ಕುಳಿತೆವು. ನೂನ್ ಚಾಯ್ ಎಂದರೆ ಉಪ್ಪು ಹಾಕಿದ ಗುಲಾಬಿ ಬಣ್ಣದ ಚಹಾ. ಮೊದಲ ಗುಟುಕಿಗೆ ಮಗಳು ಮುಖ ಸಿಂಡರಿಸಿದಳು, ಅವಳಿಗೆ ಕೇಸರಿ, ಏಲಕ್ಕಿ ಹಾಕಿದ ಕಹ್ವಾ ತರಿಸಿದೆವು. ಉಸ್ತಾದ್ ತಮ್ಮ ಫೆರನ್‌ನ ಒಳಗೆ ಕಾಂಗ್ಡಿ ಇಟ್ಟುಕೊಂಡು ಕುಳಿತರು. ಬೆತ್ತದ ಬುಟ್ಟಿಯೊಳಗೆ ಮಣ್ಣಿನ ಕುಡಿಕೆ, ಅದರಲ್ಲಿ ಕೆಂಡ.

ಡಿಸೆಂಬರ್ 21ರಿಂದ ನಲುವತ್ತು ದಿನಗಳನ್ನು ಕಾಶ್ಮೀರದವರು ಚಿಲ್ಲೆ ಕಲಾನ್ ಎನ್ನುತ್ತಾರೆ. ಚಳಿಗಾಲದ ಅತಿ ಕಠಿಣ ದಿನಗಳು. ಆ ವರ್ಷ ಅವು ಹೆಚ್ಚುಕಡಿಮೆ ಒಣಗಿಯೇ ಕಳೆದಿದ್ದವು. "ಜನವರಿಯಲ್ಲಿ ಇಲ್ಲಿ ಬರೇ ಒಣಹುಲ್ಲು, ಮಣ್ಣು. ಸ್ಕೀಗಳನ್ನು ಗೋಡೆಗೆ ಒರಗಿಸಿ ಮನೆಯಲ್ಲಿ ಕುಳಿತೆ. ಬಂದವರೂ ವಾಪಸು ಹೋದರು" ಎಂದರು. ಆದರೆ ಅವರ ಚಿಂತೆ ಸ್ಕೀಯಿಂಗ್ ಒಂದರದ್ದೇ ಅಲ್ಲ. ಬೆಟ್ಟದಲ್ಲಿ ಬಿದ್ದ ಹಿಮವೇ ಕರಗಿ ಬೇಸಿಗೆಯಲ್ಲಿ ತೊರೆಯ ನೀರಾಗಬೇಕು, ಸೇಬಿನ ತೋಟಕ್ಕೂ ಗದ್ದೆಗೂ ಹೋಗಬೇಕು. "ನಮ್ಮ ಮಸೀದಿಯಲ್ಲಿ ಎಲ್ಲರೂ ಸೇರಿ ದುಆ ಮಾಡಿದೆವು. ತಿಂಗಳ ಕೊನೆಗೆ ಒಂದು ರಾತ್ರಿ ಬೀಳತೊಡಗಿತು. ನನ್ನ ಹೆಂಡತಿ ಅಂಗಳಕ್ಕೆ ಹೋಗಿ ನಿಂತು ಅತ್ತಳು." ಮಳೆ ತಡವಾದ ಜೂನ್ ತಿಂಗಳಲ್ಲಿ ಆಕಾಶ ನೋಡುವ ನಮ್ಮ ಊರಿನವರು ನನಗೆ ನೆನಪಾದರು.

ಮಗಳ ಕಡೆ ತಿರುಗಿ ಅವರು ಆರಿಫ್ ಖಾನ್‌ರ ಕಥೆ ಹೇಳಿದರು. ಇದೇ ಟಂಗ್‌ಮಾರ್ಗ್ ಕಡೆಯವರು, ಇದೇ ಇಳಿಜಾರುಗಳಲ್ಲಿ ಕಲಿತವರು. 2022ರ ಬೀಜಿಂಗ್ ಚಳಿಗಾಲದ ಒಲಿಂಪಿಕ್ಸ್‌ಗೆ ಇಡೀ ಭಾರತದಿಂದ ಹೋದ ಏಕೈಕ ಕ್ರೀಡಾಪಟು. ಜಯಂಟ್ ಸ್ಲಾಲಮ್‌ನಲ್ಲಿ 45ನೆಯವರಾಗಿ ಗುರಿ ಮುಟ್ಟಿದರು. "ಹುಡುಗಿಯರೂ ಕಲಿಯುತ್ತಾರಾ?" ಎಂದು ಕೇಳಿದೆ. "ನನ್ನ ಮೊಮ್ಮಗಳಿಗೆ ನಾನೇ ಕಲಿಸಿದೆ. ಹಿಮದ ಊರಿನಲ್ಲಿ ಹೆಣ್ಣುಮಕ್ಕಳೂ ಹಿಮದಲ್ಲೇ ನಡೆಯಬೇಕು. ಬೀಳಲು ಬಾರದಿದ್ದರೆ ನೀರು ತರುವಾಗ ಕಾಲು ಮುರಿದುಕೊಳ್ಳುತ್ತಾರೆ" ಎಂದರು, ಅದರಲ್ಲಿ ಕೇಳುವುದೇನಿದೆ ಎಂಬಂತೆ.

ಹೋಗಬಯಸುವ ಸಹೋದರಿಯರಿಗೆ ಒಂದೆರಡು ಮಾತು. ಹಿಮಕ್ಕೆ ಜನವರಿ, ಫೆಬ್ರವರಿ ಸೂಕ್ತ, ಆದರೆ ಹೊರಡುವ ಮೊದಲು ಹಿಮ ಬಿದ್ದಿದೆಯೇ ಎಂದು ವಿಚಾರಿಸಿಕೊಳ್ಳಿ. ಬೂಟು, ಸ್ಕೀಯ ಬಾಡಿಗೆ ಮತ್ತು ಕಲಿಸುವವರ ಸಂಬಳವನ್ನು ಮುಂಚೆಯೇ ಮಾತಾಡಿಕೊಳ್ಳಿ. ಗೊಂಡೋಲಾ ಟಿಕೆಟನ್ನು ಅಂತರ್ಜಾಲದಲ್ಲಿ ಮೊದಲೇ ಕಾದಿರಿಸಿ. ಎರಡು ಜೊತೆ ಉಣ್ಣೆಯ ಕಾಲುಚೀಲ ಹೆಚ್ಚಿಗೆ ಇರಲಿ.

ಅಂಗಡಿಯವರು ಕೊಟ್ಟ ಬಿಸಿನೀರಿನಲ್ಲಿ ವುಝೂ ಮಾಡಿ, ಹಿಮದ ಮೇಲೆಯೇ ಮುಸಲ್ಲಾ ಹಾಸಿ ಝುಹರ್ ಮತ್ತು ಅಸರ್ ಜಂಅ್ ಮಾಡಿ, ಕಸ್ರ್ ಆಗಿ ನಿರ್ವಹಿಸಿದೆವು. ತಕ್ಬೀರ್‌ನ ಬಳಿಕ ಆ ದುಆ ಹೇಳುವಾಗ ಹಿಮ ಎಂಬ ಪದಕ್ಕೆ ಬಂದು ನಾಲಿಗೆ ತಡೆಯಿತು. ನಾವು ಬಂದ ಕೆಸರು ದಾರಿ ಅಷ್ಟರಲ್ಲಿ ಹೊಸ ಹಿಮದಡಿ ಮುಚ್ಚಿಹೋಗಿತ್ತು. ಗಾಲಿಯ ಗುರುತಾಗಲೀ ಹೆಜ್ಜೆಗಳಾಗಲೀ ಕಾಣುತ್ತಿರಲಿಲ್ಲ. ಸುಜೂದ್‌ನಲ್ಲಿ ಮುಸಲ್ಲಾ ದಾಟಿ ತಂಪು ಹಣೆಗೆ ತಾಗಿತು. ತುಂಬಾ ಹೊತ್ತು ತಲೆಯೆತ್ತಲು ಮನಸ್ಸಾಗಲಿಲ್ಲ.

ರಾತ್ರಿ ಕೋಣೆಯಲ್ಲಿ ಮಂಡಿಗೆ ಎಣ್ಣೆ ತಿಕ್ಕುತ್ತಾ ಮಗಳು, "ಉಮ್ಮಾ, ಮುಂದಿನ ಸಲ ರಿಲೇ ಓಡಲಾ?" ಎಂದು ಮೆಲ್ಲನೆ ಕೇಳಿದಳು. "ಓಡು. ಪೂರ್ತಿ ಕೈಯ ಅಂಗಿ, ಟ್ರ್ಯಾಕ್ ಪ್ಯಾಂಟು, ಹಿಜಾಬ್" ಎಂದೆ. ಮುಂದಿನ ಡಿಸೆಂಬರಿನಲ್ಲಿ ಓಡಿದಳು. ಅವಸರದಲ್ಲಿ ಬ್ಯಾಟನ್ ಬೀಳಿಸಿದಳು, ತಂಡ ಕೊನೆಯದಾಯಿತು. ಅಳುತ್ತಾ ಬಂದಳು, ಮರುದಿನ ಮತ್ತೆ ಅಭ್ಯಾಸಕ್ಕೆ ಹೋದಳು.

ಊರಿಗೆ ಬಂದ ಮೊದಲ ದಿನವೇ ತರಗತಿಯಲ್ಲಿ ಆ ಹುಡುಗಿಯನ್ನು ಎಬ್ಬಿಸಿ, "ನಾನು ತಪ್ಪು ಹೇಳಿದ್ದೆ. ಹಿಮ ಐಸ್‌ನ ಹಾಗಲ್ಲ, ತುರಿದ ತೆಂಗಿನಕಾಯಿಯ ಹಾಗೆ. ಆಕಾಶದಿಂದ ಸದ್ದಿಲ್ಲದೆ ಬೀಳುತ್ತದೆ, ಕೆಸರನ್ನೆಲ್ಲ ಮುಚ್ಚುತ್ತದೆ" ಎಂದೆ. ಅವಳಿಗೆ ಅಷ್ಟು ಸಾಕಾಗಲಿಲ್ಲ.

"ನೀವು ಅದರ ಮೇಲೆ ನಡೆದಿರಾ ಟೀಚರ್?"

"ಜಾರಿದೆ."

"ಬಿದ್ದಿರಾ?"

"ಏಳು ಸಲ" ಎಂದೆ. ಇಡೀ ತರಗತಿ ನಕ್ಕಿತು. ನಗು ನಿಂತ ಮೇಲೆ ದುಆವನ್ನು ಮೊದಲಿನಿಂದ ಹೇಳಿಸಿದೆ.