ಹವಳವೆಂಬ ಶಬ್ದ

ಕಾವೇರಿ, ಲಕ್ಷ್ಮಣತೀರ್ಥ, ಕಪಿಲೆಗಳ ನೀರನ್ನುಂಡು ಬೆಳೆದ ನಮ್ಮ ಸೀಮೆಗೆ ಸಮುದ್ರವು ದೂರ. ಹುಣಸೂರು, ಪಿರಿಯಾಪಟ್ಟಣ, ಕೃಷ್ಣರಾಜನಗರ, ಹೆಗ್ಗಡದೇವನಕೋಟೆಗಳ ಹಿರಿಯರಲ್ಲಿ ಎಷ್ಟೋ ಮಂದಿ ಕಡಲನ್ನು ಕಣ್ಣಾರೆ ಕಾಣದೆಯೇ ಬಾಳಿ ಹೋದರು. ಆದರೂ ಕಡಲಿನ ಹವಳವು ಅವರ ಮನೆಗಳಲ್ಲಿತ್ತು. ನಮ್ಮ ತಾಯಿಯವರ ಕರಿಮಣಿಸರದಲ್ಲಿ ತಾಳಿಯ ಎರಡು ಮಗ್ಗುಲಿಗೂ ಒಂದೊಂದು ಹವಳವಿದ್ದುದು ನನಗೆ ಈಗಲೂ ಕಣ್ಣಿಗೆ ಕಟ್ಟಿದಂತಿದೆ.

ಪಾಠಶಾಲೆಯಲ್ಲಿ ಅಮರಕೋಶವನ್ನು ಬಾಯಿಪಾಠ ಮಾಡುವಾಗ ಈ ವಸ್ತುವಿಗೆ ವಿದ್ರುಮ, ಪ್ರವಾಳ ಎಂಬ ಹೆಸರುಗಳನ್ನು ಕಲಿತೆನು. ವಿದ್ರುಮವೆಂದರೆ ವಿಶಿಷ್ಟವಾದ ಮರ; ಕೊಂಬೆಕೊಂಬೆಯಾಗಿರುವ ಇದನ್ನು ಹಿಂದಿನವರು ಕಡಲೊಳಗಿನ ಗಿಡವೆಂದು ಬಗೆದದ್ದು ಸಹಜವೇ. ಪ್ರವಾಳವೆಂಬುದಕ್ಕೆ ಚಿಗುರೆಂಬ ಅರ್ಥವೂ ವೀಣೆಯ ದಂಡವೆಂಬ ಅರ್ಥವೂ ಉಂಟು. ಆ ಪ್ರವಾಳವೇ ಹಳಗನ್ನಡದಲ್ಲಿ ಪವಳವಾಯಿತು; ಪಾಲು ಹಾಲಾದಂತೆ, ಪೂವು ಹೂವಾದಂತೆ, ಪವಳವು ಹವಳವಾಯಿತು. ಎರಡು ಭಾಷೆಗಳನ್ನು ಒಂದೇ ಸರದಲ್ಲಿ ಪೋಣಿಸಿದ ಶೈಲಿಗೆ ಮಣಿಪ್ರವಾಳವೆಂದು ಹೆಸರು. ವೈದ್ಯರಿಗೆ ಇದು ಪ್ರವಾಳಭಸ್ಮ. ಜ್ಯೋತಿಷಿಗಳಿಗೆ ಕುಜನ ರತ್ನ. ಕವಿಗಳಿಗೆ ತುಟಿಯ ಉಪಮಾನ.

ಇಷ್ಟನ್ನು ಕಲಿತಿದ್ದೆನೆಂಬ ಅಭಿಮಾನವೇ ಒಮ್ಮೆ ನನ್ನನ್ನು ಎಡವಿಸಿತು. ಅದು 1980ರ ದಶಕದ ಕೊನೆ. ನಾನು ಹೊಸದಾಗಿ ಮೇಷ್ಟರಾಗಿದ್ದೆನು. ನನ್ನ ತರಗತಿಯಲ್ಲಿ ಬೈಲುಕುಪ್ಪೆಯ ಟಿಬೆಟನ್ ಹುಡುಗನೊಬ್ಬನಿದ್ದನು. ಅವನು ಒಂದು ದಿನ ಕೊರಳಿನ ದಾರದಲ್ಲಿ ನೆಲ್ಲಿಕಾಯಿಯಷ್ಟು ದೊಡ್ಡದಾದ ಕೆಂಪು ಮಣಿಯೊಂದನ್ನು ಧರಿಸಿ ಬಂದನು. ಏನಿದು ಎಂದು ಕೇಳಿದೆನು. "ಜುರು. ಅಜ್ಜಿ ಕೊಟ್ಟದ್ದು" ಎಂದನು. ನಾನು ನಕ್ಕು, ಇದರ ಹೆಸರು ಹವಳವೆಂದು ತಿದ್ದಿದೆನು. ಅಷ್ಟಕ್ಕೇ ಬಿಡದೆ, ಇದು ಕಲ್ಲೂ ಅಲ್ಲ, ಮರವೂ ಅಲ್ಲ, ಕಡಲ ಹುಳುವಿನ ಎಲುಬು ಎಂದೆನು. ತರಗತಿಯೆಲ್ಲ ನಕ್ಕಿತು. ಮರುದಿನ ಹುಡುಗನ ಕೊರಳು ಬರಿದಾಗಿತ್ತು.

ನಾನು ಹೇಳಿದ್ದು ಸುಳ್ಳಲ್ಲ. ಅತಿ ಸಣ್ಣ ಜೀವಿಗಳು ಒಟ್ಟಾಗಿ ಬಾಳುತ್ತ ಸುಣ್ಣದ ಅಂಶದಿಂದ ಕಟ್ಟಿಕೊಳ್ಳುವ ಗಟ್ಟಿಯಾದ ಆಧಾರವೇ ಹವಳ. 1720ರ ದಶಕದಲ್ಲಿ ಫ್ರೆಂಚ್ ವೈದ್ಯ ಪೆಯಿಸೊನೆಲ್ ಇದು ಗಿಡವಲ್ಲ, ಪ್ರಾಣಿಯೆಂದು ಹೇಳಿದಾಗ ಆಗಿನ ಪಂಡಿತರು ಒಪ್ಪಲಿಲ್ಲ. ಕಾಲಕ್ರಮದಲ್ಲಿ ಅವನ ಮಾತೇ ನಿಂತಿತು. ಆದರೆ ದಿಟವನ್ನು ಸಹ ಆಡಬಾರದ ರೀತಿಯಲ್ಲಿ ಆಡಬಹುದೆಂಬುದು ಆ ಬರಿಗೊರಳನ್ನು ಕಂಡಾಗ ನನಗೆ ತಿಳಿಯಿತು.

ಮುಂದಿನ ಭಾನುವಾರ ಅವನ ಮನೆಗೆ ಹೋದೆನು. ಬೈಲುಕುಪ್ಪೆಯ ನೆಲೆಯು 1960-61ರಲ್ಲಿ ಆರಂಭವಾದುದು. ಅಜ್ಜಿಯು ತನ್ನ ಭಾಷೆಯಲ್ಲಿ ಹೇಳಿದ್ದನ್ನು ಹುಡುಗನು ತಲೆ ತಗ್ಗಿಸಿಕೊಂಡು ಕನ್ನಡದಲ್ಲಿ ಹೇಳಿದನು. 1959ರಲ್ಲಿ ಹಿಮದ ಕಣಿವೆಗಳನ್ನು ದಾಟಿ ಬಂದಾಗ ಅವಳ ಕೊರಳಿನಲ್ಲಿ ಒಂದೆಳೆ ಹವಳವಿತ್ತಂತೆ. ದಾರಿಯಲ್ಲಿ ಹಿಟ್ಟಿಗೆ ಒಂದು, ಔಷಧಕ್ಕೆ ಒಂದು, ಹೀಗೆ ಮಾರುತ್ತ ಬಂದು, ಇಲ್ಲಿ ಕಾಡು ಕಡಿದು ಜೋಳ ಬಿತ್ತುವ ವೇಳೆಗೆ ಉಳಿದದ್ದು ಅದೊಂದೇ. ನಿಮ್ಮಲ್ಲಿಯೂ ಇದನ್ನು ಧರಿಸುವರೇ ಎಂದು ಕೇಳಿದಳು. ನಮ್ಮ ತಾಯಿಯ ತಾಳಿಯ ಸಂಗತಿಯನ್ನೂ, ತಂದೆಯವರು ತೀರಿಕೊಂಡ ಮೇಲೆ ಆ ಹವಳಗಳು ಪೆಟ್ಟಿಗೆಯನ್ನು ಸೇರಿದುದನ್ನೂ ಹೇಳಿದೆನು. "ಮಾರಲಿಲ್ಲವಷ್ಟೆ?" ಎಂದಳು. ಇಲ್ಲವೆಂದೆನು. ಅಜ್ಜಿಯು ಮೆಲ್ಲನೆ ತಲೆದೂಗಿದಳು.

ಕೆಂಪು ಹವಳದ ಹೆಸರಾಂತ ತವರು ಮೆಡಿಟರೇನಿಯನ್ ಸಮುದ್ರ. ನಾವು ಮುತ್ತನ್ನು ಆದರಿಸುವಂತೆ ಹಿಂದೂದೇಶದವರು ಹವಳವನ್ನು ಆದರಿಸುವರೆಂದು ಮೊದಲನೆಯ ಶತಮಾನದಲ್ಲಿಯೇ ರೋಮಿನ ಪ್ಲಿನಿಯು ಬರೆದಿದ್ದಾನೆ. ಶಾಮಶಾಸ್ತ್ರಿಗಳು 1909ರಲ್ಲಿ ಮೈಸೂರಿನಿಂದ ಬೆಳಕಿಗೆ ತಂದ ಕೌಟಿಲ್ಯನ ಅರ್ಥಶಾಸ್ತ್ರದಲ್ಲಿ ಅದು ರಾಜಕೋಶಕ್ಕೆ ಸೇರತಕ್ಕ ರತ್ನಗಳಲ್ಲೊಂದು. ಟಿಬೆಟ್ಟಿನವರು ಅದನ್ನು ಹೆಂಗಸರ ಕೊರಳಿಗೂ ದೇವರ ಕೊರಳಿಗೂ ಹಾಕುವರೆಂದು ಮಾರ್ಕೊ ಪೋಲೊ ಹೇಳುತ್ತಾನೆ. ಆ ಅಜ್ಜಿಯ ಮಣಿಯೂ ನಮ್ಮ ತಾಯಿಯ ಮಣಿಯೂ ಒಂದೇ ಕಡಲಿನ ಒಡಹುಟ್ಟುಗಳಾಗಿರಬಹುದು.

ಮರುದಿನ ತರಗತಿಯಲ್ಲಿ ವಿದ್ರುಮ, ಪ್ರವಾಳ, ಪವಳ, ಹವಳ ಎಂದು ಕರಿಹಲಗೆಯ ಮೇಲೆ ಬರೆದು, ಐದನೆಯದನ್ನು ಬರೆಯೆಂದು ಬಳಪವನ್ನು ಆ ಹುಡುಗನಿಗೆ ಕೊಟ್ಟೆನು. ತನ್ನ ಲಿಪಿಯಲ್ಲಿ ಬರೆದನು. ತಪ್ಪು ನನ್ನದೆಂದು ಎಲ್ಲರೆದುರಿಗೆ ಹೇಳಿದೆನು. ಹುಡುಗರಾರೂ ನಗಲಿಲ್ಲ. ಆದರೆ ಆ ಮಣಿಯನ್ನು ಅವನು ಮತ್ತೆ ಶಾಲೆಗೆ ಧರಿಸಿ ಬರಲಿಲ್ಲ.

ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು ಎಂದು ನಮ್ಮವರ ಗಾದೆ. ಅದರಲ್ಲಿ ಮುತ್ತಿನ ಪಕ್ಕದಲ್ಲಿ ಹವಳವನ್ನೂ ನಾನು ಸೇರಿಸಿಕೊಂಡಿದ್ದೇನೆ.