ಮನೆಗಿಂತ ಮೊದಲು ನೆರೆ

ಉರ್ದು ಶಾಲೆಯ ನಮ್ಮ ಮೌಲ್ವಿ ಸಾಹೇಬರು ಒಂದು ಅರಬ್ಬಿ ಗಾದೆಯನ್ನು ಆಗಾಗ ಹೇಳುತ್ತಿದ್ದರು: ಮನೆಗಿಂತ ಮೊದಲು ನೆರೆಯವನನ್ನು ನೋಡು. ಬೆಂಗಳೂರಿನಲ್ಲಿ ಬಾಡಿಗೆ ಮನೆ ಹುಡುಕುವಾಗ ಆ ಗಾದೆ ತಿರುಗುಮುರುಗಾಯಿತು. ಒಬ್ಬ ಮಾಲೀಕರು ಹತ್ತು ತಿಂಗಳ ಮುಂಗಡ ಎಣಿಸಿಕೊಂಡು, ರಸೀದಿಗೆಂದು ಹೆಸರು ಕೇಳಿದರು. ಹೇಳಿದೆ. ಹಣವನ್ನು ಮೇಜಿನ ಮೇಲಿಟ್ಟು, 'ಮನೆಯಲ್ಲಿ ಒಂದು ಮಾತು ಕೇಳಬೇಕು' ಎಂದರು. ಅವರ ಮನೆಯವರು ಅಲ್ಲೇ ಬಾಗಿಲಲ್ಲಿ ನಿಂತಿದ್ದರು.

2025ರ ಆರಂಭದಲ್ಲಿ ಹೆಂಡತಿಗೆ ಸಿಡ್ನಿಯ ವೆಸ್ಟ್‌ಮೀಡ್ ಆಸ್ಪತ್ರೆಯಲ್ಲಿ ನರ್ಸ್ ಕೆಲಸ ಸಿಕ್ಕಿ ಹೊರಟಾಗ ಈ ನೆನಪೂ ಸೂಟ್‌ಕೇಸಿನೊಂದಿಗೆ ಬಂತು. ಲಾಕೆಂಬಾದಲ್ಲೇ ಇರಬೇಕೆಂದು ನಾನು ಮೊದಲೇ ತೀರ್ಮಾನಿಸಿದ್ದೆ. ದೊಡ್ಡ ಮಸೀದಿ, ಹಲಾಲ್ ಅಂಗಡಿಗಳು, ರಂಜಾನಿನ ರಾತ್ರಿ ಜನ ತುಂಬಿ ತುಳುಕುವ ಹಾಲ್ಡನ್ ಸ್ಟ್ರೀಟ್. 2005ರ ಡಿಸೆಂಬರಿನಲ್ಲಿ ಕ್ರೊನುಲ್ಲಾ ಕಡಲತೀರದಲ್ಲಿ ಅರಬರಂತೆ ಕಂಡವರನ್ನು ಅಟ್ಟಾಡಿಸಿ ಹೊಡೆದ ಸುದ್ದಿ ಓದಿದ್ದವನು ನಾನು. ನಮ್ಮವರ ನಡುವೆ ಇರೋಣ ಎಂದೆ.

'ನಮ್ಮವರು ಅಂದ್ರೆ ಯಾರ್ರೀ? ಅಲ್ಲಿರೋರು ಲೆಬನಾನಿನವರು, ಬಾಂಗ್ಲಾದವರು. ನಿಮ್ಮ ಉರ್ದು ಅವರಿಗೆ ಬರುತ್ತಾ?' ಎಂದಳು ಹೆಂಡತಿ. 'ರಾತ್ರಿ ಪಾಳಿ ಮುಗಿಸಿ ಬರೋಳು ನಾನು.' ಅದೂ ನಿಜ. ಮೆಟ್ರೋ ಕೆಲಸಕ್ಕಾಗಿ 2024ರ ಸೆಪ್ಟೆಂಬರ್ ಕೊನೆಯಲ್ಲಿ ಲಾಕೆಂಬಾದ ರೈಲು ನಿಲ್ಲಿಸಿ ಬಸ್ಸು ಬಿಟ್ಟಿದ್ದರು.

ಅವಳ ಆಯ್ಕೆ ಹ್ಯಾರಿಸ್ ಪಾರ್ಕ್. ಅಲ್ಲಿ ದೋಸೆಯ ವಾಸನೆಗೇ ಕಾಲು ನಿಂತಿತು. ಹಿಂದಿನಿಂದ ಕನ್ನಡ ಕೇಳಿ ಖುಷಿಯಿಂದ ತಿರುಗಿದೆ.

'ಯಾವೂರು ಸಾರ್?'

'ದಾವಣಗೆರೆ.'

'ಹೌದಾ! ಹೆಸರು?'

ಎಂಟು ಸಾವಿರ ಕಿಲೋಮೀಟರಿಗೂ ಹೆಚ್ಚು ದೂರ ಬಂದು, ಆ ಪ್ರಶ್ನೆಗೆ ನಾನು ತಡವರಿಸಿದೆ. ಪಾಪ, ಆ ಹುಡುಗ ಸುಮ್ಮನೆ ಕೇಳಿದ್ದ. ಹೆಸರು ಕೇಳಿದ ಮೇಲೂ ಕಾಫಿ ಕುಡಿಸಿಯೇ ಕಳಿಸಿದ.

ಇಲ್ಲಿ ಬಾಡಿಗೆ ವಾರದ ಲೆಕ್ಕ. ಮೊದಲ ದಿನ ಅದನ್ನು ತಿಂಗಳದ್ದೆಂದು ತಿಳಿದು ಹಿಗ್ಗಿದ್ದೆ! ಮುಂಗಡವಾಗಿ ಹೆಚ್ಚೆಂದರೆ ನಾಲ್ಕು ವಾರದ ಬಾಡಿಗೆ. ಅದೂ ಮಾಲೀಕನ ಜೇಬಿಗಲ್ಲ, ಸರ್ಕಾರದ ಬಳಿ ಇರುತ್ತದೆ. ಶನಿವಾರ ಹದಿನೈದು ನಿಮಿಷ ಮನೆ ತೆರೆದಿಡುತ್ತಾರೆ. ಸಾಲಲ್ಲಿ ನಿಂತು ನೋಡಬೇಕು, ಸಂಬಳದ ಚೀಟಿ, ಬ್ಯಾಂಕಿನ ಲೆಕ್ಕ, ಹಿಂದಿನ ಬಾಡಿಗೆಯ ದಾಖಲೆ ಕೊಡಬೇಕು. ಮೂರು ಮನೆಗಳಿಂದ 'ಇಲ್ಲ' ಬಂತು, ಕಾರಣವಿಲ್ಲದೆ. 'ಈ ದೇಶದಲ್ಲಿ ನಾವು ಬಾಡಿಗೆಗೆ ಇದ್ದ ದಾಖಲೆಯೇ ಇಲ್ಲವಲ್ಲ' ಎಂದಳು ಹೆಂಡತಿ. ನನಗೆ ನಂಬಿಕೆ ಬರಲಿಲ್ಲ. ಆ ಮೇಜು, ಆ ನೋಟಿನ ಕಟ್ಟು ಕಣ್ಣ ಮುಂದೆ ಬರುತ್ತಿತ್ತು. ನಾಲ್ಕನೆಯ ಸಾಲಿನಲ್ಲಿ ಮುಂದೆ ನಿಂತಿದ್ದ ಕೆಂಚು ಕೂದಲಿನ ಬಿಳಿ ಹುಡುಗ, ತನಗೆ ಆರು ಕಡೆ ಹೀಗೇ ಆಯಿತೆಂದ. ಅವನ ಕಷ್ಟ ಕೇಳಿ ನನಗೆ ಸಮಾಧಾನವಾಯಿತು. ಹೇಳಿಕೊಳ್ಳಲು ನಾಚಿಕೆ, ಆದರೂ ಆಯಿತು.

ಕೊನೆಗೆ ಸಿಕ್ಕಿದ್ದು ಆಬರ್ನ್‌ನಲ್ಲಿ ಎರಡು ಕೋಣೆಯ ಮನೆ. ಹಳಿಗುಂಟ ಕ್ಲೈಡ್, ಗ್ರ್ಯಾನ್‌ವಿಲ್, ಹ್ಯಾರಿಸ್ ಪಾರ್ಕ್, ಪರಮಟ್ಟಾ ದಾಟಿದರೆ ಅವಳ ವೆಸ್ಟ್‌ಮೀಡ್. ನನಗೆ ತುರ್ಕಿಯವರು ಕಟ್ಟಿದ ಮಸೀದಿ. ಅದರ ಹೆಸರು ಗಲಿಪೊಲಿ. 1915ರಲ್ಲಿ ತುರ್ಕರೂ ಆಸ್ಟ್ರೇಲಿಯದವರೂ ಒಬ್ಬರನ್ನೊಬ್ಬರು ಕೊಂದ ಜಾಗದ ಹೆಸರನ್ನೇ ಇಟ್ಟಿದ್ದಾರೆ.

ಅಮ್ಮ ಊರಿನಿಂದ ಫೋನಿನಲ್ಲಿ ಕೇಳಿದರು, 'ಮನೆಗೆ ಅಜಾನ್ ಕೇಳಿಸುತ್ತಾ ಬೇಟಾ?'

'ಇಲ್ಲಮ್ಮಾ, ರೈಲು ಕೇಳಿಸುತ್ತೆ.'

'ಪಕ್ಕದ ಮನೆಯವರು?'

ಇನ್ನೂ ಮಾತಾಡಿಸಿಲ್ಲ ಎಂದೆ. ಅಮ್ಮ ಬೈದರು. ಸಂಜೆ ಒಂದು ತಟ್ಟೆಯಲ್ಲಿ ಶೀರ್ ಖುರ್ಮಾ ಹಿಡಿದು ಹೋಗಿ ಕರೆಗಂಟೆ ಒತ್ತಿದೆ. ಬಾಗಿಲು ತೆರೆದ ಮುದುಕಿ ತಟ್ಟೆಯನ್ನೂ ನನ್ನನ್ನೂ ನೋಡಿದಳು. ಈ ಸಲ ಹೆಸರು ಕೇಳುವ ಮೊದಲೇ ಹೇಳಿದೆ.