ಯಾರೆದುರು ಯಾರು

1997ರ ಜೂನ್ ತಿಂಗಳಲ್ಲಿ ಡೆಟ್ರಾಯಿಟ್‌ನ ಕಾರು ಕಂಪನಿಗಳಲ್ಲಿ ಊಟದ ಹೊತ್ತಿಗೆ ಒಂದೇ ಚರ್ಚೆ: ಎರಿಕ್ ಲಿಂಡ್ರಾಸ್‌ನನ್ನು ಹಿಡಿಯುವವರು ಯಾರು? ನಮ್ಮೂರ ಐಸ್ ಹಾಕಿ ತಂಡ ರೆಡ್ ವಿಂಗ್ಸ್ ಸ್ಟ್ಯಾನ್ಲಿ ಕಪ್ ಎತ್ತಿ 42 ವರ್ಷ ಕಳೆದಿತ್ತು. ಫೈನಲ್‌ನಲ್ಲಿ ಎದುರಿಗೆ ಫಿಲಡೆಲ್ಫಿಯಾ ಫ್ಲೈಯರ್ಸ್. ಅವರ ಮೊದಲ ಸಾಲಿನ ಲಿಂಡ್ರಾಸ್, ಲೆಕ್ಲೇರ್, ರೆನ್‌ಬರ್ಗ್ ಮೂವರೂ ಆಜಾನುಬಾಹುಗಳು. ಎದುರಾಳಿಯನ್ನು ಕಟಕಟೆಗೆ ಒತ್ತಿ ಪಕ್ ಎಂಬ ಬಿಲ್ಲೆಯನ್ನು ಕಿತ್ತುಕೊಳ್ಳುವುದೇ ಅವರ ಆಟ. ಅವರಿಗೆ ಡಿಕ್ಕಿಗೆ ಡಿಕ್ಕಿ ಕೊಡಬಲ್ಲ ನಮ್ಮ ಡಿಫೆನ್ಸ್‌ಮನ್ ವ್ಲಾದಿಮಿರ್ ಕಾನ್ಸ್ತಾಂಟಿನೊವ್‌ನೇ ಸರಿ ಎಂದು ನಾವೆಲ್ಲ ತೀರ್ಮಾನಿಸಿಬಿಟ್ಟಿದ್ದೆವು.

ಕೋಚ್ ಸ್ಕಾಟಿ ಬೌಮನ್ ಕಳಿಸಿದ್ದು ನಿಕ್ಲಾಸ್ ಲಿಡ್‌ಸ್ಟ್ರಾಮ್ ಮತ್ತು ಲ್ಯಾರಿ ಮರ್ಫಿ ಜೋಡಿಯನ್ನು. ಇಬ್ಬರೂ ಗುದ್ದಾಟದವರಲ್ಲ. ಮರ್ಫಿಯಂತೂ ಆ ವರ್ಷದ ಮಾರ್ಚ್‌ವರೆಗೆ ಟೊರಾಂಟೊದಲ್ಲಿ ಸ್ವಂತ ಪ್ರೇಕ್ಷಕರಿಂದಲೇ ಹೀಯಾಳಿಸಿಕೊಂಡು ಬಂದವನು. ಆದರೆ ಇಬ್ಬರಿಗೂ ಎಲ್ಲಿ ನಿಲ್ಲಬೇಕೆಂಬುದು ಗೊತ್ತಿತ್ತು. ಕೋಲಿನ ತುದಿಯಿಂದ ಪಕ್ ಎಗರಿಸಿ, ಮೈ ತಾಗುವುದರೊಳಗೆ ಮುಂದಿನವನಿಗೆ ದಾಟಿಸಿಬಿಡುತ್ತಿದ್ದರು. ಗುದ್ದಲು ಬಂದವರಿಗೆ ಗುದ್ದಲು ಯಾರೂ ಸಿಗಲಿಲ್ಲ. ನಾಲ್ಕಕ್ಕೆ ನಾಲ್ಕೂ ಪಂದ್ಯ ಡೆಟ್ರಾಯಿಟ್‌ಗೆ. ಲಿಂಡ್ರಾಸ್ ಹೊಡೆದದ್ದು ಒಂದೇ ಗೋಲು, ಅದೂ ಕೊನೆಯ ಪಂದ್ಯದ ಕೊನೆಯ ನಿಮಿಷದಲ್ಲಿ.

ಕೊಡಗಿನಲ್ಲಿ ಮೈದಾನದ ಹಾಕಿಯಲ್ಲಿ ಫುಲ್‌ಬ್ಯಾಕ್ ಆಡಿ ಬೆಳೆದ ನನಗೆ ಇದು ಹೊಸ ವಿದ್ಯೆ. ನಾವು ಆಡುವಾಗ ಮೈದಾನದಿಂದ ಹೊರಹೋದವನು ಮತ್ತೆ ಒಳಗೆ ಬರುವಂತಿರಲಿಲ್ಲ. ಎದುರಿಗೆ ಯಾರು ನುಗ್ಗಿದರೂ ನಾನೇ ನಿಲ್ಲಬೇಕು. ಐಸ್ ಹಾಕಿಯಲ್ಲಿ ಆರು ಡಿಫೆನ್ಸ್‌ಮನ್‌ಗಳು, ಮೂರು ಜೋಡಿ, ಮುಕ್ಕಾಲು ನಿಮಿಷಕ್ಕೊಮ್ಮೆ ಬದಲಿ. ಆಟ ನಿಂತಾಗ ಅತಿಥಿ ತಂಡ ಮೊದಲು ತನ್ನ ಆಟಗಾರರನ್ನು ಇಳಿಸಬೇಕು. ಅದನ್ನು ನೋಡಿಕೊಂಡು ಆತಿಥೇಯ ಕೋಚ್ ಬದಲಿಸಬಹುದು. ಪರವೂರಿನಲ್ಲಿ ಈ ಸವಲತ್ತಿಲ್ಲ. ಅಲ್ಲಿ ಆಟ ನಡೆಯುತ್ತಿರುವಾಗಲೇ ಒಬ್ಬನನ್ನು ಕರೆದು ಇನ್ನೊಬ್ಬನನ್ನು ನುಗ್ಗಿಸಬೇಕು.

ಆಮೇಲಿನ ವರ್ಷಗಳಲ್ಲಿ, ರೆಡ್ ವಿಂಗ್ಸ್ ಆಗ ಆಡುತ್ತಿದ್ದ ಜೋ ಲೂಯಿಸ್ ಅರೀನಾದ ಮೇಲ್ಗಡೆಯ ಅಗ್ಗದ ಸೀಟುಗಳಲ್ಲಿ ಕೂತು ನಾನು ನೋಡುತ್ತಿದ್ದದ್ದು ಇದನ್ನೇ. ಬೌಮನ್ ಗದ್ದ ಎತ್ತಿ ನಿಂತಿರುತ್ತಿದ್ದರು, ಕಣ್ಣು ಎದುರು ಬೆಂಚಿನ ಮೇಲೆ. ಅಲ್ಲಿಂದ ದೊಡ್ಡ ಆಟಗಾರನೊಬ್ಬ ಕಾಲು ಎತ್ತಿದರೆ ಸಾಕು, ಇಲ್ಲಿ ಯಾರದೋ ಭುಜದ ಮೇಲೆ ಕೈ ಬೀಳುತ್ತಿತ್ತು, ಲಿಡ್‌ಸ್ಟ್ರಾಮ್ ಕಟಕಟೆ ಹಾರುತ್ತಿದ್ದ. ಎರಡನೇ ಅವಧಿಯಲ್ಲಿ ತುದಿಗಳು ಅದಲುಬದಲಾಗಿ ಡಿಫೆನ್ಸ್‌ನವರಿಗೆ ಬೆಂಚು ದೂರವಾಗುತ್ತದೆ. ದಣಿದ ಜೋಡಿ ಅಲ್ಲೇ ಸಿಕ್ಕಿಬಿದ್ದರೆ ದೇವರೇ ಗತಿ. 1997ರಲ್ಲಿ ಕಪ್ ಗೆದ್ದ ಆರನೇ ದಿನವೇ ಕಾರು ಅಪಘಾತದಲ್ಲಿ ಕಾನ್ಸ್ತಾಂಟಿನೊವ್‌ನ ಆಟವೇ ಮುಗಿದುಹೋಯಿತು. ಆ ಮೇಲೆ ಕಷ್ಟದ ಕೆಲಸವೆಲ್ಲ ಲಿಡ್‌ಸ್ಟ್ರಾಮ್ ಪಾಲಿಗೆ. 2012ರಲ್ಲಿ ನಿವೃತ್ತನಾಗುವಷ್ಟರಲ್ಲಿ ಅತ್ಯುತ್ತಮ ಡಿಫೆನ್ಸ್‌ಮನ್‌ಗೆ ಕೊಡುವ ನಾರಿಸ್ ಟ್ರೋಫಿಯನ್ನು ಏಳು ಸಲ ಗೆದ್ದಿದ್ದ.

2004-05ರ ಋತು ಮಾಲೀಕರು ಹಾಕಿದ ಬೀಗಮುದ್ರೆಯ ಜಗಳದಲ್ಲಿ ಪೂರ್ತಿ ರದ್ದಾಯಿತು. ಮರುವರ್ಷ ಆಟ ಶುರುವಾದಾಗ ಹೊಸ ನಿಯಮ ಬಂತು: ಸಂಕಟ ತಪ್ಪಿಸಿಕೊಳ್ಳಲು ಪಕ್ಕನ್ನು ಆಚೆ ತುದಿಗೆ ಹೊಡೆದು ಐಸಿಂಗ್ ಮಾಡಿದ ತಂಡ ಆಟಗಾರರನ್ನು ಬದಲಿಸುವಂತಿಲ್ಲ. ಎದುರು ಕೋಚ್ ಮಾತ್ರ ತಾಜಾ ಸಾಲನ್ನು ಇಳಿಸಬಹುದು. ಏದುಸಿರು ಬಿಡುವ ಮೂರನೇ ಜೋಡಿಯ ಮುಂದೆ ಎದುರಾಳಿಯ ಅತ್ಯುತ್ತಮ ಸಾಲು ಬಂದು ನಿಲ್ಲುವುದನ್ನು ಆಮೇಲೆ ಎಷ್ಟೋ ಸಲ ಕಂಡೆ. ಆ ಹುಡುಗರನ್ನು ಕಂಡರೆ ನನಗೆ ಈಗಲೂ ಕರುಳು ಚುರುಕ್ ಅನ್ನುತ್ತದೆ.

ಅಷ್ಟರಲ್ಲಿ ಲೆಕ್ಕದವರೂ ಬಂದರು. ಯಾವ ಡಿಫೆನ್ಸ್‌ಮನ್ ಎಂಥ ಎದುರಾಳಿಗಳ ಮುಂದೆ ಎಷ್ಟು ಹೊತ್ತು ಆಡಿದ, ನಿಂತ ಆಟವನ್ನು ಮತ್ತೆ ಶುರುಮಾಡುವ ಫೇಸ್‌ಆಫ್‌ಗೆ ಯಾವ ತುದಿಯಲ್ಲಿ ಇಳಿದ ಎಂಬುದೆಲ್ಲ ಅಂಕಿಗಳಾದವು. 2010-11ರಲ್ಲಿ ವ್ಯಾಂಕೂವರ್ ಕೋಚ್ ಅಲೇನ್ ವಿನ್ಯೋ ತಮ್ಮ ಮುಂಚೂಣಿ ಆಟಗಾರರಾದ ಸೆಡಿನ್ ಸೋದರರನ್ನು ಆದಷ್ಟೂ ದಾಳಿಯ ತುದಿಯಲ್ಲೇ ಇಳಿಸಿದರು. ಅವರನ್ನು ಫೈನಲ್‌ನಲ್ಲಿ ಕಟ್ಟಿಹಾಕಲು ಬಾಸ್ಟನ್‌ನ ಕೋಚ್ ಕ್ಲಾಡ್ ಜೂಲಿಯನ್ ತಮ್ಮ ಡಿಫೆನ್ಸ್‌ನ ಚಾರಾ-ಸೈಡನ್‌ಬರ್ಗ್ ಜೋಡಿಯನ್ನು ಬಿಟ್ಟರು. ಏಳು ಪಂದ್ಯ ನಡೆದು ಕಪ್ ಬಾಸ್ಟನ್‌ಗೆ ಹೋಯಿತು.

ಋತುವಿನ ಉದ್ದಕ್ಕೂ ಎಲ್ಲರೂ ಎಲ್ಲರೆದುರು ಆಡುತ್ತಾರೆ, ಎದುರಾಳಿಗಳ ಮಟ್ಟದ ವ್ಯತ್ಯಾಸ ಕರಗಿಹೋಗುತ್ತದೆ ಎಂದು ಲೆಕ್ಕದವರು ಹೇಳುತ್ತಾರೆ. ಇಡೀ ಋತುವಿಗೆ ಅದು ನಿಜ. ಜೋಡಿ ಹೊಂದಿಸುವ ಹಟದಲ್ಲಿ ಸ್ವಂತ ತಂಡದ ಲಯವನ್ನೇ ಕೆಡಿಸಿಕೊಂಡ ಕೋಚ್‌ಗಳೂ ಇದ್ದಾರೆ. ಆದರೆ ಒಂದೇ ತಂಡದೆದುರು ಮತ್ತೆ ಮತ್ತೆ ಆಡುವ ಪ್ಲೇಆಫ್‌ನಲ್ಲಿ ಆ ವಾದ ನಿಲ್ಲುವುದಿಲ್ಲ. ಬಲಕ್ಕೆ ಬಲವನ್ನೇ ಒಡ್ಡಬೇಕಿಲ್ಲ ಎಂಬ ಬೌಮನ್ ಯೋಚನೆ ಯಾವ ಕೋಷ್ಟಕದಲ್ಲೂ ಸುಲಭಕ್ಕೆ ಸಿಗುವಂಥದ್ದಲ್ಲ.

ಈಗ ಇಲ್ಲಿನ ಕನ್ನಡದ ಮನೆಗಳ ಮಕ್ಕಳೂ ಸ್ಕೇಟ್ಸ್ ಕಟ್ಟಿಕೊಂಡು ಇಳಿಯುತ್ತಾರೆ. ಅವರ ಅಪ್ಪ ಅಮ್ಮಂದಿರಲ್ಲಿ ನನ್ನದೊಂದು ವಿನಂತಿ. ನಿಮ್ಮ ಮಗು ಡಿಫೆನ್ಸ್‌ನಲ್ಲಿದ್ದಾಗ ಎಷ್ಟು ಗೋಲು ಬಿತ್ತು ಎಂದು ಕೇಳುವ ಮುಂಚೆ, ಆ ಹೊತ್ತಿನಲ್ಲಿ ಎದುರಿಗೆ ಯಾರಿದ್ದರು ಎಂದು ನೋಡಿ.